ಪಿಳ್ಳಮ್ಮನ ಹುಳುಗಳು, ನಮ್ಮಮ್ಮನ ಕ್ರಿಸ್‌ಮಸ್

ಮೊನ್ನೆ ನಮ್ಮ ಸೊಸೆ ಪ್ರಮೀಳಾ ಕಪಾಟು ಒರೆಸುತ್ತಿದ್ದವಳು, "ಅತ್ತೇ, ಈ ಹಳೇ ಪುಸ್ತಕದೊಳಗೆ ಕೋಳಿ ಪುಕ್ಕ ಸೇರ್ಕೊಂಡಿದೆ, ಎಸೆದುಬಿಡ್ಲಾ?" ಎಂದು ಕೂಗಿದಳು. ನಾನು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿದೆ. ನನ್ನ ಮಂಡಿಗಳು ಓಡುವುದನ್ನು ಬಿಟ್ಟು ಬಹಳ ಕಾಲವಾಗಿದೆ. ಆದರೂ ಓಡಿದೆ, ಬೀಳಲಿಲ್ಲ. ಅದೂ ಒಂದು ಕೃಪೆಯೇ.

"ಎಸೀಬೇಡ ಕಣಮ್ಮಾ!"

"ಅಯ್ಯೋ, ಒಂದು ಪುಕ್ಕಕ್ಕೆ ಇಷ್ಟು ಗಾಬರಿನಾ ಅತ್ತೆ? ನೋಡಿ, ಈಗ ಒರೆಸಿದ ನೆಲದ ಮೇಲೆಲ್ಲ ಸಾರು" ಎಂದಳು. ಅವಳು ಹೇಳಿದ್ದು ಸರಿ. ಸಾರಿನ ಹನಿಗಳು ನನ್ನ ದಾರಿಯುದ್ದಕ್ಕೂ ಬಿದ್ದಿದ್ದವು.

ಪುಕ್ಕ ನೋಡಲು ಏನೂ ಇಲ್ಲ. ಬಿಳಿ ಹೋಗಿ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿದೆ, ಒಂದು ಅಂಚು ಸವೆದಿದೆ. ನಮ್ಮಮ್ಮನ ಹಾಡಿನ ಪುಸ್ತಕದಲ್ಲಿ, ಕ್ರಿಸ್‌ಮಸ್ ಹಾಡುಗಳು ಶುರುವಾಗುವ ಪುಟದಲ್ಲಿ ಅದು ಮಲಗಿದೆ. ಅದನ್ನು ಕಂಡಾಗಲೆಲ್ಲ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಪ್ರೀತಿಯೆಂದರೆ ಮೆತ್ತಗಿನ ವಸ್ತು, ಕುರಿಮರಿಯ ಬೆನ್ನಿನ ಹಾಗೆ ಸವರಿಕೊಂಡಿರಬಹುದು ಎಂದು ಭಾನುವಾರದ ಶಾಲೆಯಲ್ಲಿ ಕಲಿತವಳು ನಾನು. ಅದು ಹೀಗೆ ಕಪಾಳಕ್ಕೆ ಹೊಡೆದ ಹಾಗೂ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಮೊದಲು ಅಮ್ಮನ ವಿಷಯ ಹೇಳಬೇಕು. ಅಮ್ಮ ಗೌರಿಬಿದನೂರು ಕಡೆಯ ಹಳ್ಳಿಯವಳು. ಅವಳು ಕಂಡಿದ್ದು ಕಡಲೆಕಾಯಿ, ರಾಗಿ, ಮೆಣಸಿನಕಾಯಿ. ಹುಳು ಎಂಬ ಪ್ರಾಣಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಬದನೆಕಾಯಿ ಹೆಚ್ಚುವಾಗ ಒಳಗಿನಿಂದ ಒಂದು ಹುಳು ತಲೆಯೆತ್ತಿತೆಂದರೆ ಸಾಕು, ಈಳಿಗೆಮಣೆ ಅಲ್ಲೇ ಬಿಟ್ಟು ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ಉಳಿದ ಬದನೆಕಾಯಿಯನ್ನು ಅಪ್ಪ ಹೆಚ್ಚಬೇಕು. ಅಪ್ಪ ಶಾಲೆಯಲ್ಲಿದ್ದರೆ ಅಂದು ನಮಗೆ ಬರೀ ಬೇಳೆಸಾರು. ನಾನು ಎಷ್ಟೋ ಸಲ ಸಾರಿಗಾಗಿಯೇ ಬದನೆಕಾಯಿಯಲ್ಲಿ ಹುಳು ಇರಲಪ್ಪಾ ಎಂದು ಪ್ರಾರ್ಥಿಸಿದ್ದುಂಟು.

ಅಂಥವಳನ್ನು ದೇವರು ಎಲ್ಲಿಗೆ ತಂದು ಕೂರಿಸಿದ ನೋಡಿ: ಶಿಡ್ಲಘಟ್ಟಕ್ಕೆ. ಅಪ್ಪನಿಗೆ ಅಲ್ಲಿನ ಮಿಷನ್ ಶಾಲೆಯಲ್ಲಿ ಮೇಷ್ಟ್ರ ಕೆಲಸವಾಯಿತು. ಊರಂಚಿನ ಒಂದು ಬೀದಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಆ ಮನೆಯ ಹಿತ್ತಿಲ ಗೋಡೆಯಾಚೆಗೇ ಪಿಳ್ಳಮ್ಮನ ಹುಳದ ಮನೆ, ಅಂದರೆ ರೇಷ್ಮೆ ಹುಳು ಸಾಕುವ ಕೋಣೆ. ಗೋಡೆಯ ಈಚೆ ಹುಳುವಿಗೆ ಹೆದರುವವಳು, ಆಚೆ ಲೆಕ್ಕವಿಲ್ಲದಷ್ಟು ಹುಳು. "ದೇವರಿಗೂ ತಮಾಷೆ ಗೊತ್ತು ಕಣೇ" ಎನ್ನುತ್ತಿದ್ದರು ಅಪ್ಪ. ಅಮ್ಮ ನಗುತ್ತಿರಲಿಲ್ಲ.

ಪಿಳ್ಳಮ್ಮ ಗಟ್ಟಿ ಮುದುಕಿ. ಹೊಲ, ತೋಟ, ಮಕ್ಕಳು, ಸೊಸೆಯಂದಿರು ಎಲ್ಲ ಅವಳ ಗಂಟಲಿನ ಹಿಡಿತದಲ್ಲಿದ್ದರು. ಬೀದಿಯ ಮನೆಗಳೆಲ್ಲ ಅವಳ ದಾಯಾದಿಗಳವೇ. ನಾವೊಬ್ಬರೇ ಬೇರೆ. ನಮ್ಮನ್ನು ಅವಳು ಬೈದವಳಲ್ಲ, ಆದರೆ ಜಗುಲಿಯಿಂದ ಒಳಗೆ ಕರೆದವಳೂ ಅಲ್ಲ. ಅವರ ಬಾವಿಯ ಹಗ್ಗವನ್ನು ನಾವು ಮುಟ್ಟುವಂತಿರಲಿಲ್ಲ. ಅಮ್ಮ ಬಿಂದಿಗೆ ಇಟ್ಟು ದೂರ ನಿಲ್ಲಬೇಕು. ಅವರ ಮನೆಯವರು ಯಾರಾದರೂ ಸೇದಿ, ಎತ್ತರದಿಂದ ಸುರಿಯಬೇಕು. ನೀರು ಅರ್ಧ ಬಿಂದಿಗೆಗೆ, ಅರ್ಧ ಅಮ್ಮನ ಸೀರೆಯ ಅಂಚಿಗೆ. ಅಮ್ಮ ಮನೆಗೆ ಬಂದು ಸೀರೆ ಹಿಂಡುತ್ತಾ, "ನೀರು ಸಿಹಿಯಾಗಿದೆ, ಅದು ಸಾಲದಾ" ಎನ್ನುತ್ತಿದ್ದಳು. ನಾನು ಈ ಕೃಪೆ ಎಣಿಸುವ ಚಾಳಿಯನ್ನು ಅವಳಿಂದಲೇ ಕಲಿತದ್ದು.

ಆ ವರ್ಷ ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು ನನಗೆ ಮೊದಲನೇ ಆಘಾತವಾಯಿತು. ಕಜ್ಜಾಯದ ಪಾಕ ಹದವಾಗಿ ಬಂದಿತ್ತು. ಅಮ್ಮ ಬಾಣಲೆ ಒಲೆಯ ಮೇಲಿಟ್ಟು ಎಣ್ಣೆ ಸುರಿಯುವಷ್ಟರಲ್ಲಿ ಗೋಡೆಯಾಚೆಯಿಂದ ಪಿಳ್ಳಮ್ಮನ ಕೂಗು ಬಂತು.

"ಮೇಷ್ಟ್ರಮ್ಮಾ! ಎಣ್ಣೆ ಕಾಯಿಸಬ್ಯಾಡಮ್ಮೋ! ಹುಳ ಜ್ವರದಿಂದ ಏಳ್ತಾ ಅವೆ. ಕರಿದ ವಾಸ್ನೆ ಬಡೀತು ಅಂದ್ರೆ ಒಂದೂ ಉಳಿಯಲ್ಲ!"

ರೇಷ್ಮೆ ಹುಳುವಿಗೆ ಜ್ವರ ಎಂದರೆ ಕಾಯಿಲೆಯಲ್ಲ. ಅದು ನಾಲ್ಕು ಸಲ ಊಟ ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು, ಹಳೆಯ ಚರ್ಮ ಕಳಚುತ್ತದೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದಕ್ಕೆ ಬಕಾಸುರನ ಹಸಿವು. ಆಗ ಹಿಪ್ಪುನೇರಳೆ ಸೊಪ್ಪು ತಪ್ಪಿದರೆ ಅಷ್ಟು ದಿನದ ಶ್ರಮ ಮಣ್ಣುಪಾಲು. ಆ ಹೊತ್ತಿನಲ್ಲಿ ಒಗ್ಗರಣೆಯ ವಾಸನೆ, ತಲೆಗೆ ಹಚ್ಚಿದ ಎಣ್ಣೆಯ ವಾಸನೆ, ಹೂವಿನ ವಾಸನೆ, ಯಾವುದೂ ಹುಳದ ಮನೆಯ ಹತ್ತಿರ ಸುಳಿಯಬಾರದೆಂದು ಅಲ್ಲಿನವರು ನಂಬಿದ್ದರು.

ಅಮ್ಮ ಬಾಣಲೆ ಇಳಿಸಿಬಿಟ್ಟಳು. ನಾನು ಬೆಪ್ಪಾಗಿ ನಿಂತೆ. ಕಜ್ಜಾಯವಿಲ್ಲದ ಕ್ರಿಸ್‌ಮಸ್! ಅದೂ ಯಾರಿಗೋಸ್ಕರ? ಹುಳುಗಳಿಗೋಸ್ಕರ!

"ಅವರು ನಮಗೆ ಬಾವಿ ಹಗ್ಗ ಮುಟ್ಟಕ್ಕೆ ಬಿಡಲ್ಲ, ನಾವು ಯಾಕಮ್ಮ ಅವರ ಮಾತು ಕೇಳ್ಬೇಕು?" ಎಂದೆ.

"ಹುಳ ಏನೇ ಮಾಡ್ತು ನಿಂಗೆ?" ಎಂದಳು ಅಮ್ಮ. ಹುಳುವಿನ ಪರವಾಗಿ ಅಮ್ಮ ಮಾತಾಡಿದ್ದನ್ನು ಅಂದೇ ನಾನು ಮೊದಲು ಕೇಳಿದ್ದು.

ಕ್ರಿಸ್‌ಮಸ್ ಬೆಳಿಗ್ಗೆ ನಾವು ಚಿಕ್ಕಬಳ್ಳಾಪುರದ ದೇವಾಲಯಕ್ಕೆ ಹೊರಟು ನಿಂತಿದ್ದೆವು. ಪುಟ್ಟ ರೈಲಿನಲ್ಲಿ ಹೋಗಬೇಕು. ಆ ರೈಲಿನ ಬಗ್ಗೆ ಹೇಳಲು ಹೊರಟರೆ ಬೇರೆಯೇ ಪುಸ್ತಕವಾದೀತು. ಏರಿನಲ್ಲಿ ಸೈಕಲ್ಲಿನವನು ಅದನ್ನು ಹಿಂದೆ ಹಾಕಿ ತಿರುಗಿ ನಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದ್ದ ಎಂದಷ್ಟು ಹೇಳಿದರೆ ಸಾಕು. ಅಮ್ಮ ವರ್ಷಕ್ಕೊಮ್ಮೆ ಉಡುವ ಬಿಳಿ ಸೀರೆ ಉಟ್ಟು, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಕನಕಾಂಬರ ಮುಡಿದಿದ್ದಳು. ನನಗೆ ಅಂದು ಸಭೆಯ ಮುಂದೆ ಒಬ್ಬಳೇ ಹಾಡುವ ಭಾಗ ಕೊಟ್ಟಿದ್ದರು. ಆ ಹಾಡನ್ನು ಅಮ್ಮನೇ ರಾಗಿ ಬೀಸುತ್ತಾ ಬೀಸುತ್ತಾ ಕಲಿಸಿದ್ದು.

ಬಾಗಿಲು ಹಾಕುವ ಹೊತ್ತಿಗೆ ಪಿಳ್ಳಮ್ಮ ನಮ್ಮ ಅಂಗಳದ ಆಚೆ ತುದಿಯಲ್ಲಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಕಣ್ಣು ಕೆಂಪು. ನಮ್ಮ ಅಂಗಳಕ್ಕೆ ಅವಳು ಬಂದದ್ದೇ ಅದು ಮೊದಲು.

"ಮೇಷ್ಟ್ರಮ್ಮಾ, ಮಂಚೇನಹಳ್ಳಿ ತಾವ ನಮ್ಮ ಭಾವ ಹೋಗಿಬಿಟ್ರು. ಗಂಡಸ್ರೆಲ್ಲಾ ಮಣ್ಣಿಗೆ ಹೋದ್ರು. ನಮಗೆಲ್ಲಾ ಸೂತಕ. ಹುಳದ ಮನೆ ಹೊಸಲು ದಾಟಂಗಿಲ್ಲ. ಈ ಬೀದಿಯೋರೂ ನಮ್ಮ ದಾಯಾದಿಗಳೇ, ಅವ್ರಿಗೂ ಸೂತಕ. ಕೂಲಿಯೋರು ರಾಗಿ ಕಣದ ಕಡೆ ಹೋಗವ್ರೆ. ಹುಳ ಜ್ವರ ಎದ್ದು ತಲೆ ಎತ್ಕೊಂಡು ನೋಡ್ತಾ ಅವೆ. ಏಂ ಚೇಯ್ಯಾಲಮ್ಮಾ, ಏನು ಮಾಡ್ಲಿ? ಈ ಬೆಳೆ ಹೋದ್ರೆ ನನ್ನ ಮಕ್ಕಳು ವರ್ಷಪೂರ್ತಿ ಏನು ತಿಂತಾರೆ?"

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಾನಾ? ನಾನು ಒಳಗೆ ಬರ್ಬೋದಾ?"

"ನಿಮ್ಮೋರಿಗೆ ಸೂತಕ ಇಲ್ವಲ್ಲಮ್ಮ."

"ನಿಮ್ಮ ಬಾವಿ ಹಗ್ಗ ನಾನು ಮುಟ್ಟಂಗಿಲ್ಲ. ಹುಳ ಮುಟ್ಬೋದಾ?" ಅಮ್ಮ ಇದನ್ನು ಕೊಂಕಾಗಿ ಕೇಳಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಪಿಳ್ಳಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಬಾವಿ ಬೇರೆ, ಹುಳ ಬೇರೆ ಕಣಮ್ಮ. ಬಾವಿ ಕಾಯ್ತದೆ. ಹುಳ ಕಾಯಲ್ಲ" ಎಂದಳು.

ಅಪ್ಪ ಕೊಡೆ ಹಿಡಿದು ರೈಲ್ವೆ ನಿಲ್ದಾಣದ ಕಡೆ ನೋಡುತ್ತಿದ್ದರು. ಅಮ್ಮನ ಮುಖ ಬಿಳಿಚಿಕೊಂಡಿತ್ತು, ಸೀರೆಗೂ ಮುಖಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಪಿಳ್ಳಮ್ಮ ಏನು ಕೇಳುತ್ತಿದ್ದಾಳೆಂದು ಪಿಳ್ಳಮ್ಮನಿಗೇ ಗೊತ್ತಿರಲಿಲ್ಲ. ಬದನೆಕಾಯಿಯ ಕಥೆ ಅವಳಿಗೆ ಯಾರು ಹೇಳಿದ್ದರು?

ಅಮ್ಮ ಕೈ ಹಿಂದಕ್ಕೆ ಹಾಕಿ ಕನಕಾಂಬರ ಕಿತ್ತು ನನ್ನ ಕೈಯಲ್ಲಿಟ್ಟಳು. "ನೀವು ಹೋಗಿ. ನಾನು ತಲೆಗೆ ನೀರು ಹಾಕ್ಕೊಂಡು ಎಣ್ಣೆ ತೆಗೀಬೇಕು" ಎಂದಳು ಅಪ್ಪನಿಗೆ.

"ಅಮ್ಮಾ! ನನ್ನ ಹಾಡು?"

"ಹಾಡು ಕಣೇ ಶಾಂತ. ಅಲ್ಲಿ ಕೇಳೋರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಸೊಪ್ಪು ಹಾಕೋರು ಯಾರೂ ಇಲ್ಲ."

ಜ್ವರ ಬಂದರೂ ಭಾನುವಾರದ ಆರಾಧನೆ ತಪ್ಪಿಸದ ಅಮ್ಮ, ನಾನು ಹೊಟ್ಟೆನೋವು ಎಂದರೆ "ದಾರೀಲಿ ಸರಿಹೋಗತ್ತೆ ನಡಿ" ಎಂದು ರೈಲು ಹತ್ತಿಸುತ್ತಿದ್ದ ಅಮ್ಮ, ಕ್ರಿಸ್‌ಮಸ್ ದಿನ ದೇವಾಲಯಕ್ಕೆ ಬರುವುದಿಲ್ಲ! ಆಕಾಶ ಕಳಚಿ ಬಿದ್ದಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ಹೊರಡುವ ಮುಂಚೆ ಕಂಡದ್ದು ಇಷ್ಟೇ: ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡ ಅಮ್ಮ, ಹಳೆಯ ಸೀರೆಯಲ್ಲಿ, ಹುಳದ ಮನೆಯ ಹೊಸ್ತಿಲ ಮೇಲೆ. ಒಳಗೆ ಅಟ್ಟಣಿಗೆಯ ತುಂಬ ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಬೆರಳು ಗಾತ್ರದ ಬಿಳಿಯ ಹುಳುಗಳು, ಎಲ್ಲವೂ ತಲೆಯೆತ್ತಿಕೊಂಡು. ಹೊರಗೆ ನಿಂತ ಪಿಳ್ಳಮ್ಮ ಅಪ್ಪಣೆ ಕೊಡುತ್ತಿದ್ದಳು: "ಕಣ್ಣು ಬಿಟ್ಟು ಹಾಕಮ್ಮಾ! ಸೊಪ್ಪು ಹುಳಕ್ಕೆ ಹಾಕ್ತಿದ್ದೀಯೋ, ಗೋಡೆಗೆ ಹಾಕ್ತಿದ್ದೀಯೋ?"

ಅಪ್ಪ ನನ್ನ ಕೈ ಹಿಡಿದು ಎಳೆದರು.

ದೇವಾಲಯದ ಮೆಟ್ಟಿಲ ಮೇಲೆಯೇ ಎಸ್ತರಮ್ಮ ಸಿಕ್ಕರು. ಸಭೆಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಪಾದ್ರಿ ಅಯ್ಯನವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

"ಏನ್ ಮೇಷ್ಟ್ರೇ, ಮನೆಯವ್ರು ಕಾಣ್ತಿಲ್ಲ? ಮೈ ಸರಿ ಇಲ್ವಾ?"

ಅಪ್ಪ ಒಂದು ಸಣ್ಣ ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನಿಗೆ ಆ ವಿದ್ಯೆ ಬರುತ್ತಿರಲಿಲ್ಲ. "ಚೆನ್ನಾಗಿದ್ದಾಳೆ. ಪಕ್ಕದ ಮನೆ ಹುಳಕ್ಕೆ ಸೊಪ್ಪು ಹಾಕ್ತಿದ್ದಾಳೆ."

"ಹುಳಕ್ಕಾ?"

"ರೇಷ್ಮೆ ಹುಳಕ್ಕೆ."

"ಇವತ್ತಾ? ರಕ್ಷಕ ಹುಟ್ಟಿದ ದಿವಸ ಸಭೆ ಬಿಟ್ಟು, ಹುಳಕ್ಕೆ ಸುವಾರ್ತೆ ಸಾರ್ತಿದ್ದಾರಾ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಸ್ವಲ್ಪ ಹೊತ್ತಿನಲ್ಲೇ ಸುದ್ದಿ ಹೆಂಗಸರ ಸಾಲಿನಿಂದ ಗಂಡಸರ ಸಾಲಿಗೆ ದಾಟಿತು. ಕೆಲವರು ನಕ್ಕರು, ಕೆಲವರು ನಗಲೂ ಆಗದಷ್ಟು ದಂಗಾಗಿದ್ದರು. ನಾನು ಹಾಡಲು ನಿಂತಾಗ ಅಮ್ಮ ಸದಾ ಕೂರುವ ಕಂಬದ ಪಕ್ಕದ ಜಾಗ ಖಾಲಿಯಿತ್ತು. ಅದನ್ನು ನೋಡಿಕೊಂಡೇ ಹಾಡಿದೆ. ರಾಗ ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು ನನಗೇ ಗೊತ್ತಿಲ್ಲ. ಯಾರೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ, ಅದು ಕೃಪೆ. ಏಕೆಂದರೆ ಆಮೇಲೆ ನಡೆದದ್ದನ್ನು ಎಲ್ಲರೂ ನೆನಪಿಟ್ಟುಕೊಂಡರು.

ನಮ್ಮ ಅಯ್ಯನವರು ಮೆಲುದನಿಯ ವೃದ್ಧರು. ಕೊನೆಯ ಪ್ರಾರ್ಥನೆಯಲ್ಲಿ ರೋಗಿಗಳಿಗಾಗಿ, ವಿಧವೆಯರಿಗಾಗಿ, ದೇಶದ ದೊಡ್ಡವರಿಗಾಗಿ ಬೇಡಿಕೊಂಡ ಮೇಲೆ ಒಂದು ಕ್ಷಣ ನಿಂತರು. "ಇವತ್ತು ನಮ್ಮ ಜೊತೆ ಇಲ್ಲದ ನಮ್ಮ ಸಹೋದರಿಗಾಗಿ, ಸಾವು ಬಂದಿರುವ ಆ ಮನೆಗಾಗಿ" ಎಂದರು. ಮತ್ತೆ ನಿಂತು, "ಆ ಮನೆಯ ಹುಳುಗಳಿಗಾಗಿಯೂ ಬೇಡುತ್ತೇವೆ, ತಂದೆಯೇ" ಎಂದರು.

ಮುಚ್ಚಿದ್ದ ಕಣ್ಣುಗಳೆಲ್ಲ ತೆರೆದವು. ನಾನು ಬೆರಳಸಂದಿಯಿಂದ ನೋಡಿದೆ: ಎಸ್ತರಮ್ಮನ ಬಾಯಿ ತೆರೆದಿತ್ತು. ಆಮೆನ್ ಎಂದೂ ಅಷ್ಟು ತಡವಾಗಿ ಬಂದದ್ದಿಲ್ಲ. ಮೊದಲು ಅಪ್ಪನದು ಒಂಟಿಯಾಗಿ ಬಂತು, ಆಮೇಲೆ ಉಳಿದವರದು ಹಿಂದೆಮುಂದೆ ನೋಡುತ್ತಾ ಬಂತು.

ನಾವು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲಿ ಕೂತಿದ್ದಳು. ಕೈಗಳು ತನ್ನವಲ್ಲವೆಂಬಂತೆ ದೂರಕ್ಕೆ ಚಾಚಿಕೊಂಡಿದ್ದಳು. ನಾನು ಮುನಿಸಿಕೊಂಡಿದ್ದೆ, ಆದರೂ ಕುತೂಹಲ ತಡೆಯಲಿಲ್ಲ.

"ಭಯ ಹೋಯ್ತಾ ಅಮ್ಮ?"

"ಎಲ್ಲಿ ಹೋಗತ್ತೆ? ಇಲ್ಲೇ ಇದೆ" ಎಂದು ಎದೆ ಮುಟ್ಟಿಕೊಂಡಳು. "ಅದು ಹೋಗ್ಲಿ ಅಂತ ಕಾದಿದ್ರೆ ಹುಳ ಉಳೀತಿದ್ವಾ?" ಆಮೇಲೆ ಅವಳೇ ಶುರುಮಾಡಿದಳು: "ಅಷ್ಟೂ ಹುಳ ಒಟ್ಟಿಗೆ ಸೊಪ್ಪು ತಿಂದ್ರೆ ಹೆಂಗೆ ಕೇಳಿಸತ್ತೆ ಗೊತ್ತಾ? ಅಯ್ಯನವರು ಹಾಡಿನ ನಂಬರು ಹೇಳಿದ ಕೂಡ್ಲೇ ಸಭೆಯೆಲ್ಲಾ ಪುಸ್ತಕದ ಹಾಳೆ ಮಗುಚ್ತದಲ್ಲ, ಹಂಗೆ. ನಾನೂ ಅಲ್ಲೇ ಇದ್ದೆ ಅಂದ್ಕೊಂಡೆ ಕಣೇ."

ಅಲ್ಲಿಂದ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಅಮ್ಮ ಹೊತ್ತುಹೊತ್ತಿಗೆ ಹೋದಳು. ಸೊಸೆಯಂದಿರು ಸೊಪ್ಪು ಕೊಯ್ದು ಹೊಸ್ತಿಲಾಚೆ ರಾಶಿ ಹಾಕುವರು. ಸೊಪ್ಪಿಗೆ ಸೂತಕವಿಲ್ಲವೇ ಎಂದು ಅಪ್ಪ ಕೇಳಿದ್ದಕ್ಕೆ, "ಅದನ್ನ ಕೇಳಬ್ಯಾಡಿ ಮೇಷ್ಟ್ರೇ, ಕೇಳಿದ್ರೆ ಇದೆ ಅಂತಾರೆ" ಎಂದಳಂತೆ ಪಿಳ್ಳಮ್ಮ. ಹಣ್ಣಾದ ಹುಳುವನ್ನು ಒಂದೊಂದಾಗಿ ಕೈಯಿಂದ ಆಯ್ದು, ಗೂಡು ಕಟ್ಟಲು ಚಂದ್ರಂಕಿ ಎಂಬ ಬಿದಿರು ತಟ್ಟಿಯ ಸುರುಳಿಗಳಿಗೆ ಬಿಡಬೇಕು. ಅದನ್ನೂ ಅಮ್ಮ ಮಾಡಿದಳು. ರಾತ್ರಿ ಊಟಕ್ಕೆ ಕೂತಾಗ, "ಎಳೇ ಮಗುವಿನ ಕಿವಿ ಮುಟ್ಟಿದ ಹಾಗಿರತ್ತೆ, ತಣ್ಣಗೆ" ಎಂದಳು. ಅಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಗೂಡು ಒಳ್ಳೆಯದಾಗಿ ಬಂತು. ಸೂತಕ ಕಳೆಯಿತು. ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಂದು ಸೌಟು ಹಿಡಿದು ಓಡುತ್ತಿರಲಿಲ್ಲ.

ಗೂಡು ಮಾರಿದ ಮಾರನೆಯ ದಿನ ನಾನು ಗೋಡೆಯ ಮೇಲಿಂದ ಇಣುಕಿದರೆ ಪಿಳ್ಳಮ್ಮ ಹುಳದ ಮನೆಯ ನೆಲ ಸಾರಿಸಿ, ಮೂಲೆಮೂಲೆಗೂ ಗಂಜಲ ಚಿಮುಕಿಸುತ್ತಿದ್ದಳು. "ಏನಜ್ಜಿ ಅದು?" ಎಂದೆ.

"ಶುದ್ಧ ಮಾಡ್ತಿದ್ದೀನಿ ಕಣಮ್ಮ. ನಿಮ್ಮವ್ವ ಒಳಗೆ ಬಂದಿದ್ಲಲ್ಲ, ಅದಕ್ಕೇ" ಎಂದಳು. ಇವತ್ತು ಸೋಮವಾರ ಎನ್ನುವಷ್ಟು ಸಲೀಸಾಗಿ ಎಂದಳು.

ನನಗೆ ಗೋಡೆಯಿಂದ ಇಳಿಯುವುದೇ ಮರೆತುಹೋಯಿತು. ಇಳಿದು, ಓಡಿ, ಅಮ್ಮನಿಗೆ ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂದಿತ್ತು. ಅಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಂತಿತು. ಕತ್ತಿನ ನರ ಒಮ್ಮೆ ಆಡಿದ್ದನ್ನು ನಾನು ಕಂಡೆ. ಈಗ ಎದ್ದು ಹೋಗಿ ಪಿಳ್ಳಮ್ಮನಿಗೆ ನಾಲ್ಕು ಅಂದು ಬರುತ್ತಾಳೆ ಎಂದುಕೊಂಡೆ. ಅಮ್ಮ ಎದ್ದಳು. ಕೊಟ್ಟಿಗೆಗೆ ಹೋಗಿ ನಮ್ಮ ಹಸುವಿನ ಗಂಜಲ ಹಿಡಿದಿಟ್ಟಿದ್ದ ಚೊಂಬು ತಂದು ನನ್ನ ಕೈಗಿಟ್ಟಳು.

"ತಗೊಂಡ್ಹೋಗಿ ಕೊಡು. ದೊಡ್ಡ ಕೋಣೆ ಅದು, ಅವರ ಹಸುವಿಂದು ಸಾಲಲ್ಲ."

ನಾನು ಅಮ್ಮನ ಮುಖ ನೋಡಿದೆ. ಗೇಲಿಯೇನಾದರೂ ಇದೆಯೇ ಎಂದು ಹುಡುಕಿದೆ. ಒಂದು ಚೂರು ಇದ್ದಿರಬಹುದು, ಅಮ್ಮ ದೇವದೂತೆಯೇನಲ್ಲ. ಆದರೆ ಕಣ್ಣಲ್ಲಿ ಇದ್ದದ್ದು ಬೇರೆ ಏನೋ. "ಅವಳಿಗೂ ಮನೆಯಲ್ಲಿ ದೇವರಿದ್ದಾನೆ, ಅವನಿಗೆ ಉತ್ತರ ಹೇಳ್ಬೇಕಲ್ಲ. ಹೋಗು" ಎಂದಳು.

ಪಿಳ್ಳಮ್ಮ ಚೊಂಬು ತೆಗೆದುಕೊಂಡು ಒಳಗೆ ನೋಡಿದಳು, ನನ್ನನ್ನು ನೋಡಿದಳು.

"ನಿಮ್ಮವ್ವ ಕೊಟ್ಲಾ? ಯಾತಕ್ಕೆ ಅಂತ ಗೊತ್ತಾ ಅವ್ಳಿಗೆ?"

"ಗೊತ್ತು."

"ಸಿಟ್ಟು ಬಂದೈತಾ?"

"ಅಮ್ಮಂಗೆ ಇಲ್ಲ. ನಂಗೆ ಬಂದಿದೆ" ಎಂದೆ.

ಪಿಳ್ಳಮ್ಮ ಜಗುಲಿಯ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು, ಅದನ್ನೂ ಚಿಮುಕಿಸಿದಳು! ಹೌದು, ಚಿಮುಕಿಸಿದಳು. ಚೊಂಬು ಬೆಳಗಿ, ಖಾಲಿ ಕೊಡಬಾರದೆಂದು ಒಂದು ಅಚ್ಚು ಬೆಲ್ಲ ಹಾಕಿ ಕೊಟ್ಟಳು. ಆ ಬೆಲ್ಲವನ್ನು ತಿನ್ನಬಾರದೆಂದು ಶಪಥ ಮಾಡಿದ ನಾನು ಸಂಜೆಯೊಳಗೆ ಅರ್ಧ ತಿಂದಿದ್ದೆ.

ಆಮೇಲಿನ ಬೆಳೆಯ ಹೊತ್ತಿಗೆ ಪಿಳ್ಳಮ್ಮ ಒಂದು ಬೆಳಿಗ್ಗೆ ನಮ್ಮ ಹಿತ್ತಿಲ ಬಾಗಿಲು ತಟ್ಟಿದಳು. ಮೊಟ್ಟೆಯ ಹಾಳೆಯಲ್ಲಿ ಮರಿಗಳು ಒಡೆದಿದ್ದವು, ಕರಿ ಎಳ್ಳಿಗೆ ಜೀವ ಬಂದ ಹಾಗೆ. ಅವನ್ನು ಪುಕ್ಕದಿಂದ ಮೆಲ್ಲಗೆ ಸವರಿ ಎಳೆಯ ಸೊಪ್ಪಿನ ಮೇಲೆ ಇಳಿಸಬೇಕು. ಮೊದಲು ಇಳಿಸುವವರ ಕೈಗುಣದ ಮೇಲೆ ಬೆಳೆ ನಿಂತಿದೆ ಎಂದು ಅವರ ನಂಬಿಕೆ. ಆ ಮನೆಯಲ್ಲಿ ಪಿಳ್ಳಮ್ಮನನ್ನು ಬಿಟ್ಟು ಯಾರೂ ಆ ಪುಕ್ಕ ಹಿಡಿದವರಲ್ಲ.

"ಬಾರಮ್ಮ. ನಿನ್ನ ಕೈ ಒಳ್ಳೇದು. ನೀನೇ ಇಳಿಸು" ಎಂದಳು.

"ಆಮೇಲೆ ಮತ್ತೆ ಸಾರಿಸ್ತೀರಾ ಅಜ್ಜಿ?" ಎಂದೆ ನಾನು. ಅಮ್ಮ ನನ್ನ ತೊಡೆ ಹಿಂಡಿದಳು.

"ಸಾರಿಸ್ತೀನಿ" ಎಂದಳು ಪಿಳ್ಳಮ್ಮ, ಮುಖ ತಿರುಗಿಸದೆ. "ಸಾರಿಸಿ ಮತ್ತೆ ಕರೀತೀನಿ."

ಆ ಪುಕ್ಕ ಅದೇ. ಅಮ್ಮ ಕೆಲಸ ಮುಗಿಸಿ ವಾಪಸು ಕೊಡಲು ಹೋದರೆ ಮುದುಕಿ ತೆಗೆದುಕೊಳ್ಳಲಿಲ್ಲವಂತೆ.

ಮತ್ತೆ ಕ್ರಿಸ್‌ಮಸ್ ಬಂತು. ಗೋಡೆಯಾಚೆ ಸದ್ದಿಲ್ಲ. ಸುತ್ತಲಿನವರೆಲ್ಲ ಮೊಟ್ಟೆ ತಂದಿದ್ದರೂ ಪಿಳ್ಳಮ್ಮನ ತಟ್ಟೆಗಳು ಬರಿದಾಗಿದ್ದವು. ಅಮ್ಮ ಕಾರಣ ಕೇಳಿದಳು.

"ಈ ಸಲ ಹಬ್ಬ ಕಳೀಲಿ ಅಂತ ತಡ ಮಾಡ್ದೆ" ಎಂದಳು ಪಿಳ್ಳಮ್ಮ. "ನೀವು ಬಾಣಲೆ ಇಡಿ."

ಅಮ್ಮ ಬಾಣಲೆ ಇಟ್ಟಳು. ಮೊದಲ ಕಜ್ಜಾಯ ಎಣ್ಣೆಯಲ್ಲಿ ಉಬ್ಬಿ ಮೇಲೆ ಬರುವಾಗ ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಪಿಳ್ಳಮ್ಮ ನಮ್ಮ ಹಿತ್ತಿಲ ಕಲ್ಲಿನ ಮೇಲೆ ಬಂದು ಕೂತಿದ್ದಳು. ನಾನು ತಟ್ಟೆಯಲ್ಲಿ ಎರಡು ಕಜ್ಜಾಯ ಹಾಕಿಕೊಂಡು ಓಡಿದೆ. ಅವಳು ಕೈ ಅಡ್ಡ ಮಾಡಿದಳು.

"ಬ್ಯಾಡ ಕಣಮ್ಮ. ನಿಮ್ಮ ಮನೇಲಿ ಬೇಯಿಸಿದ್ದು ನಾನು ತಿನ್ನಂಗಿಲ್ಲ, ನಿಂಗೆ ಗೊತ್ತಲ್ಲ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರಾ?"

"ವಾಸ್ನೆಗೆ" ಎಂದಳು ಮುದುಕಿ. "ವಾಸ್ನೆಗೆ ಮೈಲಿಗೆ ಇಲ್ಲ. ಹೋದ ವರ್ಷ ನಿಮ್ಮವ್ವ ಈ ವಾಸ್ನೆ ನನಗೋಸ್ಕರ ಬಿಟ್ಟಿದ್ಲಲ್ಲ, ಹೆಂಗಿರ್ತದೆ ನೋಡಣ ಅಂತ."

ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಹಿಂದಿನಿಂದ ಕಿರ್ರೆಂದು ಸದ್ದಾಯಿತು. ತಿರುಗಿ ನೋಡಿದರೆ ಅಮ್ಮ, ಚಳಿಗೆಂದು ಅರ್ಧ ಮುಚ್ಚಿದ್ದ ಅಡುಗೆಮನೆಯ ಕಿಟಕಿಯ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆಯುತ್ತಿದ್ದಳು.